ಹಾವಿನ ಮನೆಗೆ ಬೀಗ ಹಾಕಲು ಕಲಿತ ಕಥೆ

2022ರ ಅಕ್ಟೋಬರ್ ತಿಂಗಳು. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿರುವ ಸ್ಕಾನ್ಸೆನ್ ಅಕ್ವೇರಿಯಂನಿಂದ ಒಂದು ಕಾಳಿಂಗ ಸರ್ಪ ಕಾಣೆಯಾಯಿತು. ಉದ್ದ ಎರಡು ಮೀಟರಿಗೂ ಹೆಚ್ಚು. ಆ ಹೊಸ ಮನೆಗೆ ಬಂದು ಕೆಲವೇ ದಿನಗಳಾಗಿದ್ದವು. ಅದು ಬಾಗಿಲಿನಿಂದ ಹೋಗಿರಲಿಲ್ಲ, ಗಾಜು ಒಡೆದೂ ಹೋಗಿರಲಿಲ್ಲ. ಮೇಲ್ಛಾವಣಿಯಲ್ಲಿ ಕೂರಿಸಿದ್ದ ವಿದ್ಯುದ್ದೀಪದ ಪಕ್ಕದ ಸಂದಿನಲ್ಲಿ ತಲೆ ತೂರಿಸಿ, ಹಿಂದೆಯೇ ಮೈಯನ್ನೂ ಎಳೆದುಕೊಂಡು ಹೊರಟುಹೋಗಿತ್ತು.

ಆ ಸಂದು ಮೊದಲಿನಿಂದಲೂ ಅಲ್ಲೇ ಇತ್ತು. ಆದರೆ ಅದರ ಪಕ್ಕದಲ್ಲಿ ಹಿಂದೆ ಇದ್ದದ್ದು ಹಳೆಯ ಕಾಲದ ಬಲ್ಬು. ಅದು ಎಷ್ಟು ಬಿಸಿಯಾಗುತ್ತಿತ್ತೆಂದರೆ ಯಾವ ಹಾವೂ ಹತ್ತಿರ ಸುಳಿಯುತ್ತಿರಲಿಲ್ಲ. ವಿದ್ಯುತ್ ಉಳಿತಾಯಕ್ಕೆಂದು ಸಿಬ್ಬಂದಿ ಆ ಬಲ್ಬನ್ನು ತೆಗೆದು ತಂಪಾಗಿ ಉರಿಯುವ ಹೊಸ ದೀಪ ಹಾಕಿದರು. ಹಳೆಯ ದೀಪ ಬೆಳಕು ಕೊಡುವುದರ ಜೊತೆಗೆ ಬೀಗದ ಕೆಲಸವನ್ನೂ ಮಾಡುತ್ತಿತ್ತೆಂಬುದು ಹಾವು ಹೋದ ಮೇಲಷ್ಟೇ ಗೊತ್ತಾಯಿತು.

ಮುಂದಿನ ಒಂದು ವಾರ ಕಟ್ಟಡದ ಆ ಭಾಗಕ್ಕೆ ಜನರ ಪ್ರವೇಶ ಬಂದ್ ಆಯಿತು. ಎಕ್ಸ್‌ರೇ ಯಂತ್ರ ತಂದು ಗೋಡೆಗಳನ್ನು ಜಾಲಾಡಿದರು. ಎರಡು ಗೋಡೆಗಳ ನಡುವೆ ಹಾವು ಅಡಗಿರುವುದು ಪತ್ತೆಯೂ ಆಯಿತು. ಆದರೆ ಹಿಡಿಯುವ ಪ್ರಯತ್ನಕ್ಕೆ ಅದು ಸಿಗಲಿಲ್ಲ. ಕೊನೆಗೆ ಒಂದು ಭಾನುವಾರ ತಾನಾಗಿಯೇ ತನ್ನ ಗೂಡಿಗೆ ಮರಳಿತು! ಕಟ್ಟಿದ ಸಂಕೋಲೆ ಬಿಡಿಸಿಕೊಳ್ಳುವುದರಲ್ಲಿ ಪ್ರಖ್ಯಾತನಾಗಿದ್ದ ಜಾದೂಗಾರ ಹೂಡಿನಿಯ ಹೆಸರನ್ನು ಅಲ್ಲಿನವರು ಅದಕ್ಕೆ ಇಟ್ಟರು.

ನಕ್ಕು ಮರೆಯಬಹುದಾದ ಸುದ್ದಿಯಂತೆ ಕಾಣುತ್ತದೆ. ಆದರೆ ಸರೀಸೃಪಗಳನ್ನು ಸಾಕಿದ ಮನುಷ್ಯನ ಇನ್ನೂರು ವರ್ಷಗಳ ಇತಿಹಾಸವನ್ನು ತಿರುವಿ ನೋಡಿದರೆ, ಈ ದೀಪದ ಕಥೆ ಅದರ ಒಂದು ಸಣ್ಣ ಮಾದರಿ ಎನ್ನಿಸುತ್ತದೆ. ಗೂಡು ಕಟ್ಟುವವನು ತನಗೆ ತಿಳಿದ ಅಪಾಯಗಳಿಗೆ ಬಾಗಿಲು ಹಾಕುತ್ತಾನೆ. ತಿಳಿಯದ ಅಪಾಯವನ್ನು ಹಾವು ತೋರಿಸಿಕೊಡುತ್ತದೆ. ಕೆಲವೊಮ್ಮೆ ಪ್ರಾಣ ತೆತ್ತು, ಕೆಲವೊಮ್ಮೆ ಪ್ರಾಣ ತೆಗೆದು.

ಕಂಬಳಿ ನುಂಗಿದ ಹಾವು

ಮೃಗಾಲಯಗಳು ಹುಟ್ಟುವ ಮೊದಲು ರಾಜರ ಪ್ರಾಣಿಸಂಗ್ರಹಗಳಿದ್ದವು. ಲಂಡನ್ನಿನ ಟವರ್ ಕೋಟೆಯೊಳಗಿನ ಸಂಗ್ರಹ ಅಂಥವುಗಳಲ್ಲಿ ಹೆಸರಾದದ್ದು. 1820ರ ದಶಕದಲ್ಲಿ ಅದರ ಮೇಲ್ವಿಚಾರಕನಾಗಿದ್ದವನು ಆಲ್ಫ್ರೆಡ್ ಕಾಪ್ಸ್. ಆಗ ದೊಡ್ಡ ಹಾವುಗಳನ್ನು ಕಂಬಳಿ ಹೊದಿಸಿ ಬೆಚ್ಚಗಿನ ಪೆಟ್ಟಿಗೆಗಳಲ್ಲಿ ಇಡುತ್ತಿದ್ದರು. ಆಹಾರವನ್ನು ಕೈಯಲ್ಲೇ ಹಿಡಿದು ಕೊಡುತ್ತಿದ್ದರು. ಒಂದು ದಿನ ಕಾಪ್ಸ್ ಹಾಗೆಯೇ ಕೋಳಿಯನ್ನು ಹಾವಿನ ಮುಂದೆ ಹಿಡಿದ. ಅದು ಪೊರೆ ಬಿಡುವ ಕಾಲ. ಆ ದಿನಗಳಲ್ಲಿ ಹಾವಿನ ಕಣ್ಣಿನ ಮೇಲೂ ಪೊರೆ ಕವಿದು ದೃಷ್ಟಿ ಮಂಜಾಗಿರುತ್ತದೆ. ಹಾವು ಕೋಳಿಯನ್ನು ಬಿಟ್ಟು ಅವನ ಹೆಬ್ಬೆರಳು ಹಿಡಿಯಿತು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತೋಳಿಗೂ ಕುತ್ತಿಗೆಗೂ ಸುತ್ತಿಕೊಂಡಿತು. ಸಹಾಯಕರು ಓಡಿಬಂದು ಹಾವಿನ ಹಲ್ಲು ಮುರಿದು ಬಿಡಿಸದಿದ್ದರೆ ಅವನು ಬದುಕುತ್ತಿರಲಿಲ್ಲ.

ಇಲ್ಲಿ ತಪ್ಪು ಯಾರದು? ಹಾವು ಹಸಿದಿತ್ತು, ಕಣ್ಣು ಕಾಣುತ್ತಿರಲಿಲ್ಲ. ಅದರ ಬಾಯಿಗೂ ಮನುಷ್ಯನ ಕೈಗೂ ನಡುವೆ ಏನೂ ಇರಲಿಲ್ಲ. ಇಂದು ಆಹಾರ ಕೊಡಲು ಉದ್ದನೆಯ ಇಕ್ಕಳ ಬಳಸುವುದು, ದೊಡ್ಡ ಹೆಬ್ಬಾವಿನ ಗೂಡಿನ ಬಾಗಿಲನ್ನು ಒಬ್ಬನೇ ತೆರೆಯದಿರುವುದು ಎಲ್ಲ ಕಡೆಯೂ ಸಾಮಾನ್ಯ ನಿಯಮ. ಅಂದು ಅಂಥ ನಿಯಮ ಬೇಕೆಂದೇ ಯಾರಿಗೂ ತೋಚಿರಲಿಲ್ಲ.

1828ರಲ್ಲಿ ಲಂಡನ್ ಮೃಗಾಲಯ ಆರಂಭವಾಯಿತು. 1849ರಲ್ಲಿ ಅಲ್ಲಿ ಸರೀಸೃಪಗಳಿಗೆಂದೇ ಪ್ರತ್ಯೇಕ ಮನೆ ತೆರೆಯಿತು. ಸಾರ್ವಜನಿಕರಿಗೆ ತೆರೆದ ಇಂಥ ಮನೆ ಜಗತ್ತಿನಲ್ಲೇ ಮೊದಲನೆಯದು. ಸ್ವಾರಸ್ಯದ ಸಂಗತಿಯೆಂದರೆ ಅದು ಹಾವುಗಳಿಗೆಂದು ಕಟ್ಟಿದ ಕಟ್ಟಡವಲ್ಲ. ಮಾಂಸಾಹಾರಿ ಪ್ರಾಣಿಗಳಿದ್ದ ಹಳೆಯ ಕಟ್ಟಡವನ್ನೇ ತಿದ್ದಿ ಹಾವುಗಳಿಗೆ ಕೊಟ್ಟಿದ್ದರು. ಹುಲಿಗೆ ಬೇಕಾದದ್ದು ಗಟ್ಟಿ ಸರಳು. ಹಾವಿಗೆ ಬೇಕಾದದ್ದು ಬೆಚ್ಚನೆಯ ಜಾಗ, ತೇವ, ಮರೆ. ಸರಳಿನ ಬದಲು ಗಾಜು ಬಂತು. ಉಳಿದದ್ದನ್ನು ಕಲಿಯಲು ಕಾಲ ಹಿಡಿಯಿತು.

ಶೀತರಕ್ತದ ಪ್ರಾಣಿ ತನ್ನ ಮೈಯ ಬಿಸಿಯನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಲಂಡನ್ನಿನ ಚಳಿಯಲ್ಲಿ ಅದನ್ನು ಬೆಚ್ಚಗಿಡಲು ಕಂಬಳಿಯ ಮೊರೆ ಹೋಗಿದ್ದರು. ಆದರೆ ಕಂಬಳಿ ಬಿಸಿಯನ್ನು ಹಿಡಿದಿಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ತನ್ನದೇ ಬಿಸಿಯಿಲ್ಲದ ಹಾವಿಗೆ ಕಂಬಳಿ ಹೊದಿಸುವುದೆಂದರೆ ಉರಿಯದ ಒಲೆಗೆ ಮುಚ್ಚಳ ಹಾಕಿದಂತೆ. 1851ರಲ್ಲಿ ಅಲ್ಲಿನ ದೊಡ್ಡ ಹಾವೊಂದು ಬೇಟೆಯ ಜೊತೆಗೆ ತನ್ನ ಕಂಬಳಿಯನ್ನೇ ನುಂಗಿಬಿಟ್ಟಿತು. ಕೆಲವು ವಾರಗಳ ಮೇಲೆ ಅದನ್ನು ಕಕ್ಕಿತು. ಪತ್ರಿಕೆಗಳಿಗೆ ಅದು ವಿನೋದದ ಸುದ್ದಿ. ಇಂದಿನ ಪಶುವೈದ್ಯರ ಕಣ್ಣಿಗೆ ಅದು ಗೂಡಿನ ವಿನ್ಯಾಸದ ದೋಷ. ಊಟದ ವಾಸನೆ ಹತ್ತಿದ ಬಟ್ಟೆ ಹಾವಿನ ಬಾಯಿಗೆ ಎಟುಕುವ ಜಾಗದಲ್ಲಿತ್ತು, ಅಷ್ಟೇ.

ಗಿರ್ಲಿಂಗ್‌ನ ಸಾವು

1852ರ ಅಕ್ಟೋಬರ್ 20ರ ಬೆಳಿಗ್ಗೆ ನಡೆದದ್ದು ಮಾತ್ರ ವಿನೋದವಾಗಿರಲಿಲ್ಲ. ಆ ಮನೆಯ ಹಾವುಗಳನ್ನು ನೋಡಿಕೊಳ್ಳುತ್ತಿದ್ದವನು ಎಡ್ವರ್ಡ್ ಗಿರ್ಲಿಂಗ್. ದೇಶ ಬಿಟ್ಟು ವಲಸೆ ಹೊರಟಿದ್ದ ಸ್ನೇಹಿತನನ್ನು ಬೀಳ್ಕೊಡುವ ಸಲುವಾಗಿ ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದ. ಬೆಳಿಗ್ಗೆ ಮದ್ಯ ಸೇವಿಸಿ ಕೆಲಸಕ್ಕೆ ಬಂದಿದ್ದ. ಅಮಲಿನಲ್ಲಿ ಒಂದು ವಿಷದ ಹಾವನ್ನು ಗೂಡಿನಿಂದ ತೆಗೆದು ಆಟವಾಡಿಸಿದ. ಜೊತೆಗಿದ್ದವನು ಬೇಡವೆಂದರೂ ಕೇಳಲಿಲ್ಲ. ಅನಂತರ ನಾಗರ ಜಾತಿಯ ಹಾವನ್ನು ಕೈಗೆತ್ತಿಕೊಂಡ. ಅದು ಅವನ ಮೂಗಿನ ಮೇಲೆ, ಎರಡು ಕಣ್ಣುಗಳ ನಡುವೆ, ಕಚ್ಚಿತು.

ಕುದುರೆಗಾಡಿಯಲ್ಲಿ ಅವನನ್ನು ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಗೆ ಒಯ್ದರು. ವೈದ್ಯರು ಕೃತಕ ಉಸಿರಾಟ ಕೊಡಿಸಿದರು, ವಿದ್ಯುತ್ ಹಾಯಿಸಿ ನೋಡಿದರು. ಫಲ ಸಿಗಲಿಲ್ಲ. ಹಾವಿನ ವಿಷಕ್ಕೆ ಪ್ರತಿವಿಷ ಎಂಬುದು ಆಗ ಇರಲೇ ಇಲ್ಲ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಅದನ್ನು ತಯಾರಿಸಿದ್ದು ಇನ್ನೂ ನಾಲ್ಕು ದಶಕಗಳ ನಂತರ, 1890ರ ದಶಕದಲ್ಲಿ.

ಗಿರ್ಲಿಂಗ್ ಕುಡಿದಿದ್ದ, ತಪ್ಪು ಅವನದೇ ಎಂದು ಹೇಳಿ ಮುಗಿಸಬಹುದು. ಅಂದು ಹಾಗೆಯೇ ಹೇಳಿದರು. ಆದರೆ ನೂರೆಪ್ಪತ್ತು ವರ್ಷಗಳ ಈಚೆ ನಿಂತು ನೋಡಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಕೀಲಿಕೈ ಹಿಡಿದವನು ಒಬ್ಬನೇ ತಪ್ಪಿದರೂ ಸಾವು ಬರುವಂಥ ವ್ಯವಸ್ಥೆಯನ್ನು ಸುರಕ್ಷಿತ ಎನ್ನಬಹುದೆ? ಮನುಷ್ಯ ದಣಿಯುತ್ತಾನೆ, ಮರೆಯುತ್ತಾನೆ, ಒಮ್ಮೊಮ್ಮೆ ಕುಡಿಯುತ್ತಾನೆ. ಇದೆಲ್ಲ ಆಗಿಯೇ ಆಗುತ್ತದೆಂದು ಎಣಿಸಿ ಕಟ್ಟಿದ ಗೂಡು ಒಳ್ಳೆಯ ಗೂಡು.

ಇಂದಿನ ಒಳ್ಳೆಯ ಮೃಗಾಲಯಗಳಲ್ಲಿ ವಿಷದ ಹಾವಿನ ಗೂಡಿನೊಳಗೆ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಇಕ್ಕಟ್ಟು, ಕತ್ತಲು, ಹಾವಿಗೆ ಇಷ್ಟವಾಗುವಂಥದು. ಹಾವು ತಾನಾಗಿಯೇ ಅದರೊಳಗೆ ಹೋಗಿ ಮಲಗುತ್ತದೆ. ಪಾಲಕ ಹೊರಗಿನಿಂದಲೇ ಅದರ ಜಾರುಬಾಗಿಲು ಎಳೆದು ಚಿಲಕ ಹಾಕುತ್ತಾನೆ. ಹಾವು ಒಳಗಿದೆಯೆಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡ ಮೇಲೆ ಗೂಡಿನ ದೊಡ್ಡ ಬಾಗಿಲು ತೆರೆದು ಗುಡಿಸುತ್ತಾನೆ, ನೀರು ಬದಲಿಸುತ್ತಾನೆ. ಕೊಕ್ಕೆಕೋಲಿನ ಅಗತ್ಯವೇ ಬೀಳುವುದಿಲ್ಲ. ಬಾಗಿಲಿನ ಮೇಲೆ ಯಾವ ಹಾವು, ಎಷ್ಟು ಹಾವು, ಯಾವ ಪ್ರತಿವಿಷ ಎಂಬ ಚೀಟಿ ಇರುತ್ತದೆ. ಕೈಗೆಟುಕುವಲ್ಲಿ ಎಚ್ಚರಿಕೆ ಗಂಟೆಯ ಗುಂಡಿ ಇರುತ್ತದೆ. ಇವು ಯಾವುವೂ ದೊಡ್ಡ ಆವಿಷ್ಕಾರಗಳಲ್ಲ. ಬಡಗಿಯೂ ಕಮ್ಮಾರನೂ ಮಾಡಿಕೊಡಬಹುದಾದ ಕೆಲಸ. ಆದರೂ 1852ರಲ್ಲಿ ಇವೆಲ್ಲ ಇದ್ದಿದ್ದರೆ ಗಿರ್ಲಿಂಗ್ ಆ ದಿನ ಸಾಯುತ್ತಿರಲಿಲ್ಲವೇನೋ.

ಬ್ರೆಜಿಲ್ಲಿನ ಪೆಟ್ಟಿಗೆ, ಇರುಳರ ಮಡಕೆ

ಹಾವನ್ನು ಪ್ರದರ್ಶನಕ್ಕಲ್ಲದೆ ಔಷಧಕ್ಕಾಗಿ ಸಾಕುವ ಕಾಲ ಬಂದಾಗ ಗೂಡಿನ ಲೆಕ್ಕಾಚಾರ ಬದಲಾಯಿತು. ಬ್ರೆಜಿಲ್ಲಿನ ಸಾವೊ ಪಾಲೊ ನಗರದಲ್ಲಿ 1901ರಲ್ಲಿ ಬುಟಾಂಟನ್ ಸಂಸ್ಥೆ ಆರಂಭವಾಯಿತು. ಅದರ ಮುಖ್ಯಸ್ಥ ವೈದ್ಯ ವಿಟಾಲ್ ಬ್ರಜಿಲ್. ಏಷ್ಯಾದ ನಾಗರಹಾವಿನ ವಿಷಕ್ಕೆ ತಯಾರಿಸಿದ ಮದ್ದು ಬ್ರೆಜಿಲ್ಲಿನ ಹಾವುಗಳ ಕಡಿತಕ್ಕೆ ನಾಟುವುದಿಲ್ಲ, ಆಯಾ ಹಾವಿಗೆ ಆಯಾ ಪ್ರತಿವಿಷವೇ ಬೇಕು ಎಂದು ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು. ಅದಕ್ಕೆ ಸ್ಥಳೀಯ ಹಾವುಗಳೇ ಬೇಕು, ಅದೂ ಜೀವಂತವಾಗಿ.

ಹಾವುಗಳು ಸಿಗುತ್ತಿದ್ದದ್ದು ರೈತರ ಹೊಲಗಳಲ್ಲಿ. ಸಂಸ್ಥೆಯವರು ರೈತರಿಗೆ ಮರದ ಪೆಟ್ಟಿಗೆಗಳನ್ನೂ, ತುದಿಯಲ್ಲಿ ಚರ್ಮದ ಕುಣಿಕೆಯಿದ್ದ ಕೋಲುಗಳನ್ನೂ ಹಂಚಿದರು. ರೈತ ದೂರದಿಂದಲೇ ಹಾವನ್ನು ಕುಣಿಕೆಯಲ್ಲಿ ಹಿಡಿದು ಪೆಟ್ಟಿಗೆಗೆ ಹಾಕಿ ರೈಲ್ವೆ ನಿಲ್ದಾಣಕ್ಕೆ ತಂದರಾಯಿತು. ರೈಲಿನಲ್ಲಿ ಸಾಗಣೆ ಉಚಿತ. ಬದಲಿಗೆ ರೈತನಿಗೆ ಪ್ರತಿವಿಷದ ಮದ್ದು ಬರುತ್ತಿತ್ತು. ಹಳ್ಳಿಯ ನಿಲ್ದಾಣದಲ್ಲಿ ಗಂಟೆಗಟ್ಟಲೆ ಬಿದ್ದಿರಬೇಕಾದ, ಹತ್ತಾರು ಜನ ಎತ್ತಿಳಿಸುವ ಪೆಟ್ಟಿಗೆ ಅದು. ಗಾಳಿಯಾಡಬೇಕು, ಆದರೆ ಮುಚ್ಚಳ ತಾನಾಗಿ ತೆರೆಯಬಾರದು. ಒಂದು ದೇಶದ ಸಾರ್ವಜನಿಕ ಆರೋಗ್ಯ ಈ ಪೆಟ್ಟಿಗೆಯ ಮುಚ್ಚಳದ ಮೇಲೆ ನಿಂತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು. ಸಂಸ್ಥೆಗೆ ಬಂದ ಹಾವುಗಳಿಗಾಗಿ ಬಯಲಿನಲ್ಲಿ ಗೋಡೆ ಕಟ್ಟಿ, ಒಳಗೆ ನೀರಿನ ಕಾಲುವೆ ತೋಡಿ, ಗುಮ್ಮಟದಂಥ ಸಣ್ಣ ಸಣ್ಣ ಗೂಡುಗಳನ್ನು ಇಟ್ಟರು. ಜಗತ್ತಿನ ಎಷ್ಟೋ ಹಾವಿನ ಉದ್ಯಾನಗಳಲ್ಲಿ ಇದೇ ಬಗೆಯ ತೆರೆದ ಆವರಣ ಇಂದೂ ಕಾಣಸಿಗುತ್ತದೆ.

ನಮ್ಮ ಪಕ್ಕದ ತಮಿಳುನಾಡಿನಲ್ಲಿ ಇದಕ್ಕಿಂತ ಸರಳವಾದ ಇನ್ನೊಂದು ಉತ್ತರವಿದೆ. ರೊಮುಲಸ್ ವಿಟೇಕರ್ 1969ರಲ್ಲಿ ಮದರಾಸಿನ ಹೊರವಲಯದಲ್ಲಿ ಹಾವಿನ ಉದ್ಯಾನ ಆರಂಭಿಸಿದರು. 1972ರಲ್ಲಿ ಅದು ಗಿಂಡಿಗೆ ಬಂತು. ಹಾವು ಹಿಡಿದು ಚರ್ಮ ಮಾರುವುದೇ ಕಸುಬಾಗಿದ್ದ ಇರುಳ ಜನಾಂಗದವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ದಾರಿ ಮುಚ್ಚಿತು. 1978ರಲ್ಲಿ ಅವರದೇ ಸಹಕಾರ ಸಂಘ ಹುಟ್ಟಿತು. ನಾಗರ, ಕಡಂಬಳ, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಬಗೆಯ ಹಾವುಗಳನ್ನು ಹಿಡಿದು, ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವುದು ಸಂಘದ ಕೆಲಸ. ದೇಶದಲ್ಲಿ ಪ್ರತಿವಿಷ ತಯಾರಿಸಲು ಬೇಕಾದ ವಿಷದ ಬಹುಪಾಲು ಇಲ್ಲಿಂದ ಹೋಗುತ್ತಾ ಬಂದಿದೆ.

ಆ ಹಾವುಗಳನ್ನು ಇಡುವುದು ಎಲ್ಲಿ ಗೊತ್ತೆ? ಮಣ್ಣಿನ ಮಡಕೆಗಳಲ್ಲಿ. ತಳದಲ್ಲಿ ಸ್ವಲ್ಪ ಮರಳು, ಬಾಯಿಗೆ ಹತ್ತಿಯ ಬಟ್ಟೆ, ಬಟ್ಟೆಯ ಸುತ್ತ ಬಿಗಿಯಾಗಿ ದಾರ. ಬೇಸಿಗೆಯಲ್ಲಿ ಮಡಕೆಯ ನೀರು ಏಕೆ ತಣ್ಣಗಿರುತ್ತದೆಂದು ನಮ್ಮ ಯಾವ ಮನೆಯ ಅಜ್ಜಿಯೂ ಹೇಳಬಲ್ಲಳು. ಅದೇ ಗುಣ ಹಾವಿಗೂ ಒದಗುತ್ತದೆ. ಒಳಗೆ ಕತ್ತಲು, ಗೋಡೆ ಉಸಿರಾಡುತ್ತದೆ, ಮೈ ಸುರುಳಿ ಸುತ್ತಿ ಮಲಗಲು ದುಂಡನೆಯ ಜಾಗ. ಗೋಡೆಗೆ ಮೂಲೆಯೇ ಇಲ್ಲದ್ದರಿಂದ ಮೂತಿ ಉಜ್ಜಿ ಗಾಯವಾಗುವ ಭಯವೂ ಕಡಿಮೆ. ತಿಂಗಳುಗಟ್ಟಲೆ ಸಾಕಲು ಮಡಕೆ ಸಾಲದು, ನಿಜ. ಆದರೆ ಕೆಲವೇ ವಾರಗಳ ವಾಸಕ್ಕೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೊಂದಿಕೆಯಾಗುವ ಗೂಡು ಬೇರೆಲ್ಲಿ ಸಿಕ್ಕೀತು?

ಇದರ ಪಕ್ಕದಲ್ಲಿ ನಮ್ಮ ಸಂತೆ ಜಾತ್ರೆಗಳಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಹಾವಾಡಿಗನ ಬಿದಿರುಬುಟ್ಟಿಯನ್ನು ಇಟ್ಟು ನೋಡಿ. ಅದೂ ದುಂಡಗಿತ್ತು, ಅದರೊಳಗೂ ಕತ್ತಲಿತ್ತು. ಆದರೆ ಆ ಬುಟ್ಟಿಯ ಸುರಕ್ಷತೆ ಬುಟ್ಟಿಯಲ್ಲಿರಲಿಲ್ಲ. ಅದು ಇದ್ದದ್ದು ಹಾವಿನ ಕಿತ್ತ ಹಲ್ಲಿನಲ್ಲಿ, ಹೊಲಿದ ಬಾಯಿಯಲ್ಲಿ. ಗೂಡನ್ನು ಸರಿಪಡಿಸುವ ಬದಲು ಪ್ರಾಣಿಯನ್ನೇ ಮುರಿದದ್ದು ಅಲ್ಲಿನ ಕ್ರೌರ್ಯ. ಬಾಯಿ ಹುಣ್ಣಾಗಿ, ನೀರು ಆಹಾರ ಇಳಿಯದೆ ಆ ಹಾವುಗಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. 1972ರ ಕಾಯ್ದೆ ಆ ಬುಟ್ಟಿಗೆ ತಡೆ ಹಾಕಿತು. ಅದನ್ನೇ ನಂಬಿದ್ದ ಕುಟುಂಬಗಳಿಗೆ ಬೇರೆ ದಾರಿ ತೋರಿಸುವ ಕೆಲಸ ಮಾತ್ರ ಇರುಳರ ಸಂಘದಷ್ಟು ಚೆನ್ನಾಗಿ ಎಲ್ಲೆಡೆ ಆಗಲಿಲ್ಲ.

ಗಾಜಿನ ಹಿಂದಿನ ಬಿಸಿಲು

ಮತ್ತೆ ಲಂಡನ್ನಿಗೆ ಬರೋಣ. 1882ರಲ್ಲಿ ಜಂಬೋ ಎಂಬ ಹೆಸರಾಂತ ಆನೆಯನ್ನು ಅಮೆರಿಕಕ್ಕೆ ಮಾರಿದ ಮೇಲೆ ಅಲ್ಲಿ ಎರಡನೆಯ ಸರೀಸೃಪ ಗೃಹ ಎದ್ದಿತ್ತು. ಆದರೆ ನಿಜವಾದ ಬದಲಾವಣೆ ತಂದದ್ದು ಮೂರನೆಯ ಕಟ್ಟಡ. ಅದರ ಹಿಂದೆ ಇದ್ದವರು ಜೋನ್ ಬ್ಯೂಚಾಂಪ್ ಪ್ರೊಕ್ಟರ್ ಎಂಬ ಯುವತಿ. ಹುಟ್ಟಿದ್ದು 1897ರಲ್ಲಿ. ಬಾಲ್ಯದಿಂದಲೂ ಬಿಡದ ಕಾಯಿಲೆ. ಹಲ್ಲಿ, ಹಾವು, ಮೊಸಳೆಗಳೆಂದರೆ ಪ್ರಾಣ. 1923ರಲ್ಲಿ, ಇನ್ನೂ 26ರ ಹರೆಯದಲ್ಲಿ, ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರು.

ವಾಸ್ತುಶಿಲ್ಪಿ ಗೈ ಡಾಬರ್ ಜೊತೆಗೂಡಿ ಅವರು ರೂಪಿಸಿದ ಹೊಸ ಮನೆ 1927ರಲ್ಲಿ ತೆರೆಯಿತು. ಅದರಲ್ಲಿ ಮೂರು ಮುಖ್ಯ ದೋಷಗಳಿಗೆ ಉತ್ತರವಿತ್ತು.

ಮೊದಲನೆಯದು ಬಿಸಿ. ಇಡೀ ಕಟ್ಟಡವನ್ನು ಒಂದೇ ಸಮನೆ ಕಾಯಿಸುವ ಬದಲು ಪ್ರತಿ ಗೂಡಿಗೂ, ಗೂಡಿನ ಬೇರೆ ಬೇರೆ ಭಾಗಕ್ಕೂ ವಿದ್ಯುತ್ತಿನಿಂದ ಬೇರೆ ಬೇರೆ ಬಿಸಿ ಕೊಡುವ ವ್ಯವಸ್ಥೆ ಮಾಡಿದರು. ಎರಡನೆಯದು ಬೆಳಕು. ನೋಡುಗರು ನಿಲ್ಲುವ ಜಾಗವನ್ನು ಮಬ್ಬಾಗಿಟ್ಟು ಗೂಡಿನೊಳಗೆ ಮಾತ್ರ ಬೆಳಕು ಬೀಳುವಂತೆ ಮಾಡಿದರು. ಕತ್ತಲಲ್ಲಿ ಕುಳಿತು ಬೆಳಗುವ ತೆರೆ ನೋಡುವ ಸಿನಿಮಾ ಮಂದಿರದಂತೆ. ಇದರಿಂದ ಗಾಜಿನಲ್ಲಿ ನಮ್ಮದೇ ಪ್ರತಿಬಿಂಬ ಕಾಣುವುದು ತಪ್ಪಿತು. ಒಳಗಿನ ಪ್ರಾಣಿಗೂ ಹೊರಗಿನ ಜನಜಂಗುಳಿ ಅಷ್ಟಾಗಿ ಕಾಣದಾಯಿತು.

ಮೂರನೆಯದು ಗಾಜು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಮಕ್ಕಳ ಮೂಳೆ ಸೊಟ್ಟಗಾಗುವ ರಿಕೆಟ್ಸ್ ರೋಗವನ್ನು ವಾಸಿ ಮಾಡುತ್ತವೆಂದು ಜರ್ಮನಿಯ ವೈದ್ಯ ಹುಲ್ಡ್‌ಶಿನ್ಸ್ಕಿ 1919ರಲ್ಲಿ ತೋರಿಸಿದ್ದರು. ಸಾಮಾನ್ಯ ಗಾಜು ಈ ಉಪಕಾರಿ ಕಿರಣಗಳನ್ನು ಬಹುಪಾಲು ತಡೆದುಬಿಡುತ್ತದೆ. ಕಿಟಕಿಯಿಂದ ಬಿಸಿಲು ಧಾರಾಳವಾಗಿ ಬೀಳುತ್ತಿದ್ದರೂ ಒಳಗಿನ ಹಲ್ಲಿ, ಆಮೆಗಳ ಮೂಳೆ ಮೆತ್ತಗಾಗಿ ಅವು ಸಾಯುವುದಕ್ಕೆ ಇದೂ ಒಂದು ಕಾರಣ. ಪ್ರೊಕ್ಟರ್ ಆ ಕಿರಣಗಳನ್ನು ಒಳಬಿಡುವ ವಿಶೇಷ ಗಾಜನ್ನು ತರಿಸಿದರು. ಬೆಳಕು ಕಂಡರೆ ಬಿಸಿಲು ಸಿಕ್ಕಂತೆಯೇ ಎಂದು ಅಲ್ಲಿಯವರೆಗೆ ನಂಬಲಾಗಿತ್ತು. ಕಣ್ಣಿಗೆ ಕಾಣದ ಬಿಸಿಲೂ ಇದೆಯೆಂದು ಲೆಕ್ಕ ಹಾಕಿದ್ದು ಅವರ ಹೆಚ್ಚುಗಾರಿಕೆ.

ಇಂಡೋನೇಷ್ಯಾದ ಕೊಮೊಡೊ ಉಡವೊಂದನ್ನು ಪಟ್ಟಿ ಕಟ್ಟಿ ಅವರು ಮೃಗಾಲಯದ ದಾರಿಗಳಲ್ಲಿ ನಡೆಸುತ್ತಿದ್ದದ್ದು ಆ ಕಾಲದ ದೊಡ್ಡ ಸುದ್ದಿ. ಕಾಯಿಲೆ ಹೆಚ್ಚಿ 1931ರಲ್ಲಿ, 34ನೆಯ ವಯಸ್ಸಿನಲ್ಲಿ ಪ್ರೊಕ್ಟರ್ ತೀರಿಕೊಂಡರು. ಅವರ ಮನೆ ಮಾತ್ರ ಸುಮಾರು ಒಂದು ಶತಮಾನ ಬಾಳಿತು. 2024ರಲ್ಲಷ್ಟೇ ಅಲ್ಲಿನ ಪ್ರಾಣಿಗಳಿಗೆ ಹೊಸ ಕಟ್ಟಡ ಸಿಕ್ಕಿತು.

ಆ ಒಳ್ಳೆಯ ಮನೆಗೂ ಒಂದು ಮಿತಿಯಿತ್ತು. 1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಆರಂಭವಾದಾಗ ಲಂಡನ್ ಮೃಗಾಲಯದ ವಿಷದ ಹಾವುಗಳನ್ನು ಕೊಂದುಬಿಟ್ಟರು. ಬಾಂಬು ಬಿದ್ದು ಗಾಜು ಒಡೆದರೆ ಅವು ಬೀದಿಗೆ ಬರಬಹುದೆಂಬ ಭಯ. ಗೂಡು ತಡೆಯಲಾರದ ಅಪಾಯ ಎದುರಾದಾಗ ಬೆಲೆ ತೆರುವುದು ಪ್ರಾಣಿಯೇ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ.

ಒಂದು ತುದಿ ಬಿಸಿ, ಒಂದು ತುದಿ ತಂಪು

ಪ್ರೊಕ್ಟರ್ ಅನುಭವದಿಂದ ಕಂಡುಕೊಂಡಿದ್ದಕ್ಕೆ ವಿಜ್ಞಾನದ ಆಧಾರ ಸಿಕ್ಕಿದ್ದು 1944ರಲ್ಲಿ. ಅಮೆರಿಕದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬ ಇಬ್ಬರು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಹಲ್ಲಿ, ಹಾವುಗಳ ಮೈಬಿಸಿಯನ್ನು ಅಳೆದರು. ಈ ಪ್ರಾಣಿಗಳು ವಾತಾವರಣದ ಬಿಸಿಗೆ ಸುಮ್ಮನೆ ತಲೆಬಾಗುವುದಿಲ್ಲ, ಬಿಸಿಲಿಗೆ ಬಂದು, ನೆರಳಿಗೆ ಸರಿದು, ಬಿಲ ಸೇರಿ ತಮಗೆ ಬೇಕಾದ ಮಟ್ಟದಲ್ಲೇ ಮೈಯನ್ನು ಕಾಪಾಡಿಕೊಳ್ಳುತ್ತವೆ ಎಂದು ಕಂಡುಕೊಂಡರು. ನೆರಳಿಲ್ಲದಿದ್ದರೆ ಮರುಭೂಮಿಯ ಹಲ್ಲಿಯೂ ಬಿಸಿಲಿಗೆ ಬೇಗನೆ ಸಾಯುತ್ತದೆ.

ಇದರ ಅರ್ಥ ದೊಡ್ಡದು. ಗೂಡಿನೊಳಗೆ 'ಸರಿಯಾದ ಬಿಸಿ' ಎಂಬ ಒಂದೇ ಅಂಕಿ ಇಲ್ಲ. ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಬೇಕು. ನಡುವೆ ಓಡಾಡಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಪ್ರಾಣಿಗೆ ಬೇಕು. ಎರಡು ತುದಿಯಲ್ಲೂ ಅಡಗಲು ಮರೆ ಇರಬೇಕು. ಬಿಸಿಯ ತುದಿಯಲ್ಲಿ ಮಾತ್ರ ಮರೆಯಿದ್ದರೆ ಅಂಜುಕುಳಿ ಹಾವು ತಂಪು ಬೇಕಾದಾಗಲೂ ಅಲ್ಲೇ ಬೇಯುತ್ತಾ ಮಲಗಿರುತ್ತದೆ.

ಇನ್ನೊಂದು ದೋಷ ಸುಟ್ಟಗಾಯ. ಬಿಸಿ ಬಲ್ಬನ್ನು ಗೂಡಿನೊಳಗೇ ನೇತುಹಾಕಿದರೆ ಹಾವು ಅದಕ್ಕೇ ಸುತ್ತಿಕೊಳ್ಳುವುದುಂಟು. ಕೆಳಗಿನಿಂದ ಕಾಯುವ ಕಲ್ಲಿನ ಮೇಲೆ ಮಲಗಿದ ಹಾವು ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಜಾಗ ಬಿಟ್ಟು ಏಳದಿರುವುದುಂಟು. ಹಾಗಾಗಿ ಬಲ್ಬಿಗೆ ತಂತಿಯ ಕವಚ, ಬಿಸಿಗೆ ತಾನಾಗಿ ಆರಿಸಿ ಹಚ್ಚುವ ಥರ್ಮೊಸ್ಟಾಟ್ ಬಂದವು. ಸ್ಟಾಕ್‌ಹೋಮ್‌ನ ದೀಪದ ಕಥೆಗೆ ಇನ್ನೊಂದು ಮಗ್ಗುಲು ಇದು. ಬಿಸಿಯನ್ನು ಬೀಗವೆಂದು ನಂಬುವುದು ಹಾವಿಗೂ ಒಳ್ಳೆಯದಲ್ಲ, ಮನುಷ್ಯನಿಗೂ ಒಳ್ಳೆಯದಲ್ಲ.

ತಪ್ಪಿಸಿಕೊಳ್ಳುವ ದಾರಿಗಳು

ಹಾವು ತಪ್ಪಿಸಿಕೊಳ್ಳುವುದು ಬಲದಿಂದಲ್ಲ, ತಾಳ್ಮೆಯಿಂದ. ರಾತ್ರಿಯಿಡೀ ಗೋಡೆಯ ಉದ್ದಕ್ಕೂ ಮೂತಿಯಿಟ್ಟು ತಡವುತ್ತಾ ಹೋಗುತ್ತದೆ. ಜಾರುವ ಎರಡು ಗಾಜುಗಳು ಒಂದರ ಮೇಲೊಂದು ಬರುವ ಕಡೆ ಉಳಿಯುವ ಸಣ್ಣ ಸಂದು ಮರಿಹಾವಿಗೆ ಸಾಕು. ಗಾಳಿಯ ಕಿಂಡಿ, ನೀರು ಹೋಗುವ ತೂತು, ವಿದ್ಯುತ್ ತಂತಿ ಒಳಬರುವ ರಂಧ್ರ, ಸರಿಯಾಗಿ ಕೂರದ ಮುಚ್ಚಳ ಇವೇ ಅದರ ಹೆದ್ದಾರಿಗಳು. ತೆರೆದ ಆವರಣದಲ್ಲಾದರೆ ಗೋಡೆಯ ಎರಡು ಮಗ್ಗುಲು ಕೂಡುವ ಮೂಲೆಯೇ ಏಣಿ. ಗೋಡೆಯಾಚೆ ಚಾಚಿದ ಮರದ ಕೊಂಬೆ ಸೇತುವೆ. ಆದ್ದರಿಂದಲೇ ಮೂಲೆಯನ್ನು ದುಂಡಗೆ ಮಾಡುತ್ತಾರೆ, ಗೋಡೆಯ ಮೇಲಂಚನ್ನು ಒಳಕ್ಕೆ ಚಾಚುತ್ತಾರೆ, ಕೊಂಬೆ ಕಡಿಯುತ್ತಾರೆ.

ಇಷ್ಟಾದರೂ ಏನೋ ಒಂದು ಉಳಿದುಬಿಡುತ್ತದೆ. ಅದಕ್ಕಾಗಿಯೇ ಮನೆಯೊಳಗೆ ಮನೆ ಎಂಬ ತತ್ವ. 2011ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ ಒಂದು ಎಳೆಯ ಈಜಿಪ್ಟಿನ ನಾಗರ ಕಾಣೆಯಾಯಿತು. ಸುಮಾರು ಇಪ್ಪತ್ತು ಅಂಗುಲ ಉದ್ದದ ಹಾವು. ಊರೆಲ್ಲ ಗುಲ್ಲೆದ್ದಿತು, ಹಾವಿನ ಹೆಸರಿನಲ್ಲಿ ಯಾರೋ ಟ್ವಿಟರಿನಲ್ಲಿ ತಮಾಷೆಯ ಮಾತುಗಳನ್ನೂ ಬರೆಯತೊಡಗಿದರು. ಮೃಗಾಲಯದವರು ಸರೀಸೃಪ ಗೃಹವನ್ನು ಮುಚ್ಚಿ ಕಾದರು. ಆರು ದಿನಗಳ ನಂತರ ಹಾವು ಅದೇ ಕಟ್ಟಡದ ಒಂದು ಮೂಲೆಯಲ್ಲಿ ಸಿಕ್ಕಿತು. ಗೂಡು ಸೋತಿತ್ತು, ಆದರೆ ಕಟ್ಟಡ ಸೋತಿರಲಿಲ್ಲ. ಸ್ಟಾಕ್‌ಹೋಮ್‌ನಲ್ಲೂ ಆದದ್ದು ಇದೇ. ಎರಡು ಕಡೆಯೂ ಯಾರಿಗೂ ಕಡಿತವಾಗಲಿಲ್ಲ.

ಹುತ್ತದ ಪಾಠ

ಕಾಳಿಂಗ ಸರ್ಪ ನಮಗೆ ಹೊರಗಿನದಲ್ಲ. ಆಗುಂಬೆಯ ಕಾಡಿನಲ್ಲಿ ಅದರ ಅಧ್ಯಯನಕ್ಕೆಂದೇ 2005ರಲ್ಲಿ ವಿಟೇಕರ್ ಸಂಶೋಧನಾ ಕೇಂದ್ರ ಸ್ಥಾಪಿಸಿದರು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲಿ ನಮ್ಮ 'ಕಾಳಿಂಗ' ಎಂಬ ಪದವನ್ನೇ ಉಳಿಸಿಕೊಂಡರು. ಎಲೆಗಳನ್ನು ಗುಡ್ಡೆ ಹಾಕಿ ಮೊಟ್ಟೆಗೆ ಗೂಡು ಕಟ್ಟುವ ಹಾವು ಇದೊಂದೇ. ಇಂಥದನ್ನು ಸಾಕುವವರು ಗೂಡಿನೊಳಗೆ ತರಗೆಲೆಗೂ ಜಾಗ ಬಿಡಬೇಕು. ಮಂಗಳೂರಿನ ಪಿಲಿಕುಳದಂಥ ಕಡೆ ಕಾಳಿಂಗದ ಸಂತಾನೋತ್ಪತ್ತಿ ಸಾಧ್ಯವಾದದ್ದು ಇಂಥ ಸೂಕ್ಷ್ಮಗಳನ್ನು ಗಮನಿಸಿದ್ದರಿಂದಲೇ.

ಈ ಮಾತು ಮೃಗಾಲಯಗಳಿಗಷ್ಟೇ ಸೀಮಿತವಲ್ಲ. ನಮ್ಮ ಹಾವುಗಳನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಆದರೆ ನಗರಗಳಲ್ಲಿ ಇಗ್ವಾನಾ, ಬಾಲ್ ಪೈಥಾನ್‌ನಂಥ ವಿದೇಶಿ ಸರೀಸೃಪಗಳನ್ನು ಸಾಕುವ ಹವ್ಯಾಸ ಹಬ್ಬಿದೆ. 2024ರ ನಿಯಮಗಳ ಪ್ರಕಾರ ಇಂಥ ಎಷ್ಟೋ ವಿದೇಶಿ ಪ್ರಾಣಿಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ನೋಂದಣಿಯ ಕಾಗದ ಗೂಡಿನ ತಪ್ಪನ್ನು ತಿದ್ದಲಾರದು. ಮೀನಿನ ತೊಟ್ಟಿಯಲ್ಲಿ ಸೊರಗುವ ಇಗ್ವಾನಾಕ್ಕೆ ಬೇಕಾದದ್ದು ಪ್ರೊಕ್ಟರ್ 1927ರಲ್ಲೇ ಕೊಟ್ಟಿದ್ದ ಬಿಸಿಲು.

ಇತ್ತೀಚೆಗೆ ಒಂದು ಮೃಗಾಲಯದ ಹಾವಿನ ಮನೆಯ ಮುಂದೆ ಅರ್ಧ ಗಂಟೆ ನಿಂತಿದ್ದೆ. 'ಗಾಜು ತಟ್ಟಬೇಡಿ' ಎಂಬ ಫಲಕದ ಕೆಳಗೇ ಜನ ಗಾಜು ತಟ್ಟುತ್ತಿದ್ದರು. ಹಾವು ಮಲಗಿದೆ, ಏಳಲಿ ಎಂಬುದು ಅವರ ಆಸೆ. ನೆಲದ ಸಣ್ಣ ಕಂಪನವನ್ನೂ ಮೈಯಿಂದ ಗ್ರಹಿಸುವ ಜೀವಿಗೆ ಆ ತಟ್ಟುವಿಕೆ ಏನಾಗಿ ಕೇಳಿಸುತ್ತದೋ! ಬೆದರಿ ಗಾಜಿಗೆ ಮೂತಿ ಅಪ್ಪಳಿಸಿಕೊಂಡ ಹಾವಿನ ಗಾಯ ಮಾಯಲು ವಾರಗಳೇ ಬೇ­ಕು. ಅತ್ಯುತ್ತಮವಾಗಿ ಕಟ್ಟಿದ ಗೂಡಿಗೂ ಉಳಿಯುವ ಕೊನೆಯ ದೋಷ ಗಾಜಿನ ಈಚೆಗೆ ನಿಂತ ನಾವು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ನಾವು ಜಾಣತನದ ರಾಜಿಗೆ ಬಳಸುತ್ತೇವೆ. ಹಾವು ಸಾಕುವವರ ಪಾಲಿಗೆ ಅದು ಅಕ್ಷರಶಃ ದಿನನಿತ್ಯದ ಕೆಲಸ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುವುದನ್ನು ನಮ್ಮ ಹಿರಿಯರು ಕಂಡಿದ್ದರು. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ತಂಪು, ಮೈಗೆ ತಾಗುವ ಗೋಡೆ, ಕತ್ತಲು, ಬೇಕಾದಾಗ ಬಿಸಿಲಿಗೆ ಬರುವ ದಾರಿ. ಇನ್ನೂರು ವರ್ಷಗಳಿಂದ ಕಂಬಳಿ, ಗಾಜು, ಬಲ್ಬು, ಮಡಕೆಗಳ ಮೂಲಕ ಮನುಷ್ಯ ಕಟ್ಟಲು ಹೆಣಗುತ್ತಿರುವುದು ಆ ಹುತ್ತವನ್ನೇ. ಅದಕ್ಕೆ ಅವನು ಹೊಸದಾಗಿ ಸೇರಿಸಿದ್ದು ಒಂದು ಬೀಗ ಮಾತ್ರ. ಆ ಬೀಗ ಸರಿಯಾಗಿದೆಯೇ ಎಂದು ಪ್ರತಿ ಬಲ್ಬು ಬದಲಿಸಿದಾಗಲೂ ಮತ್ತೊಮ್ಮೆ ನೋಡಬೇಕು.